ಅರಸನ ಹೊನ್ನು, ಬಸದಿಯ ಓಲೆ: ಜೈನ ಕವಿಗಳ ಬರವಣಿಗೆಯ ಬದುಕು

ಹಳಗನ್ನಡದ ಜೈನ ಕವಿಗೆ ಇಬ್ಬರು ಧಣಿಗಳಿದ್ದರು. ಒಬ್ಬ ಅರಸ ಅಥವಾ ಅರಸನ ದಂಡನಾಯಕ; ಅನ್ನ, ಆಭರಣ, ಬಿರುದು, ಭೂಮಿ ಬರುತ್ತಿದ್ದುದು ಅವನ ಕೈಯಿಂದ. ಇನ್ನೊಂದು ಕವಿ ನಂಬಿದ ಜಿನಸಮಯ. ಗುರು, ಬಸದಿ, ಮೋಕ್ಷದ ದಾರಿ ಅದರ ಕಡೆಯವು. ಇಬ್ಬರನ್ನೂ ಒಂದೇ ಕಾವ್ಯದಲ್ಲಿ ಸಂತೋಷಪಡಿಸುವುದು ಕಷ್ಟ. ಯುದ್ಧದಲ್ಲಿ ಗೆದ್ದ ಅರಸನನ್ನು ಹೊಗಳಬೇಕಾದ ಪದ್ಯ ಒಂದು ದಿಕ್ಕಿಗೆ ಎಳೆದರೆ, ಅಹಿಂಸೆಯನ್ನೂ ವೈರಾಗ್ಯವನ್ನೂ ಸಾರಬೇಕಾದ ಕಥೆ ಇನ್ನೊಂದು ದಿಕ್ಕಿಗೆ ಎಳೆಯುತ್ತದೆ. ಇದಕ್ಕೆ ಆ ಕವಿಗಳು ಕಂಡುಕೊಂಡ ಉಪಾಯ ಸರಳವಾದದ್ದು: ಎರಡು ಕಾವ್ಯ ಬರೆಯುವುದು. ಒಂದು ಲೌಕಿಕ, ಇನ್ನೊಂದು ಆಗಮಿಕ. ಮೊದಲನೆಯ ಗುಣವರ್ಮ ಗಂಗ ಅರಸ ಎರೆಯಪ್ಪನಿಗಾಗಿ ‘ಶೂದ್ರಕ’ವನ್ನೂ ಧರ್ಮಕ್ಕಾಗಿ ‘ಹರಿವಂಶ’ವನ್ನೂ ಬರೆದ. ಪಂಪ, ಪೊನ್ನ, ರನ್ನರು ಅದೇ ಜಾಡಿನಲ್ಲಿ ನಡೆದರು. ಪಂಪನಂತೂ ಒಂದರಲ್ಲಿ ಲೌಕಿಕವನ್ನು, ಇನ್ನೊಂದರಲ್ಲಿ ಜಿನಾಗಮವನ್ನು ಬೆಳಗುವುದಾಗಿ ಬಾಯಿಬಿಟ್ಟೇ ಹೇಳಿದ. ಹೀಗೆ ಗೆರೆ ಎಳೆದದ್ದರಿಂದ ಇಕ್ಕಟ್ಟು ತಪ್ಪಿತೆಂದಲ್ಲ. ಅದು ಎರಡೂ ಕಾವ್ಯಗಳ ಒಳಕ್ಕೆ ಸರಿಯಿತು.

ಆಗಮಿಕ ಕಾವ್ಯಕ್ಕೆ ಬೇಕಾದ ಕಥಾಸಾಮಗ್ರಿಯನ್ನು ಸಂಸ್ಕೃತದ ‘ಮಹಾಪುರಾಣ’ ಒದಗಿಸಿತು. ರಾಷ್ಟ್ರಕೂಟ ಅಮೋಘವರ್ಷನ ಗುರುವಾಗಿದ್ದ ಜಿನಸೇನಾಚಾರ್ಯರು ಅದನ್ನು ಆರಂಭಿಸಿ, ಮೊದಲ ತೀರ್ಥಂಕರನ ಕಥೆಯೂ ಮುಗಿಯುವ ಮುನ್ನ ತೀರಿಕೊಂಡರು. ಶಿಷ್ಯ ಗುಣಭದ್ರರು ಉಳಿದುದನ್ನು ಬರೆದರು. 898ರಲ್ಲಿ ಬಂಕಾಪುರದಲ್ಲಿ ಆ ಗ್ರಂಥಕ್ಕೆ ಪೂಜೆ ನಡೆಯಿತು. 24 ತೀರ್ಥಂಕರರು, 12 ಚಕ್ರವರ್ತಿಗಳು, ಬಲದೇವ, ವಾಸುದೇವ, ಪ್ರತಿವಾಸುದೇವರು ಒಂಬತ್ತೊಂಬತ್ತು, ಒಟ್ಟು 63 ಶಲಾಕಾಪುರುಷರ ಕಥೆಗಳು ಅಲ್ಲಿ ಸಿದ್ಧವಾಗಿದ್ದವು. ಕನ್ನಡ ಕವಿ ಅವುಗಳಲ್ಲೊಂದನ್ನು ಎತ್ತಿಕೊಂಡು ಚಂಪುವಿಗೆ ಇಳಿಸಬೇಕಿತ್ತು.

ಕೆಲಸ ಕೇಳಲು ಸುಲಭ. ಆದರೆ ಕಥೆಯ ಚೌಕಟ್ಟು ಕದಲಿಸುವಂಥದ್ದಲ್ಲ. ಲೋಕಾಕಾರದಿಂದ ಹಿಡಿದು ತಪೋದಾನಗಳ ಫಲದವರೆಗೆ ಪುರಾಣಕ್ಕೆ ಎಂಟು ಅಂಗಗಳಿರಬೇಕು. ತೀರ್ಥಂಕರನಾಗುವ ಜೀವ ಹಿಂದಿನ ಭವಗಳಲ್ಲಿ ಸುತ್ತಿಬಂದುದನ್ನು ಹೇಳಬೇಕು. ಗರ್ಭಾವತರಣ, ಜನ್ಮಾಭಿಷೇಕ, ಪರಿನಿಷ್ಕ್ರಮಣ, ಕೇವಲಜ್ಞಾನ, ನಿರ್ವಾಣ ಎಂಬ ಪಂಚಕಲ್ಯಾಣಗಳು ಕ್ರಮ ತಪ್ಪದೆ ನಡೆಯಬೇಕು. ಕೊನೆ ಕೇಳುಗನಿಗೆ ಮೊದಲೇ ಗೊತ್ತು. ನಾಯಕ ಸೋಲುವಂತಿಲ್ಲ, ಎಡವುವಂತಿಲ್ಲ, ಮನಸ್ಸು ಹೊಯ್ದಾಡುವಂತೆಯೂ ಇಲ್ಲ. ಇತ್ತ ಕಾವ್ಯಲಕ್ಷಣ ಅಷ್ಟಾದಶ ವರ್ಣನೆಗಳನ್ನು ಕೇಳುತ್ತದೆ: ವಸಂತ, ಜಲಕ್ರೀಡೆ, ಮಧುಪಾನ, ಸುರತ. ತ್ಯಾಗದ ಕಥೆಯನ್ನು ಭೋಗದ ಭಾಷೆಯಲ್ಲಿ ಹೇಳಬೇಕಾದ ಪಾಡು ಇದು. ಅನೇಕ ಜೈನ ಪುರಾಣಗಳು ಈ ಎರಡರ ನಡುವೆ ಸಿಕ್ಕಿ ಸೊರಗಿವೆ. ಓದುಗ ಒಂದು ಪುರಾಣದ ನಗರವರ್ಣನೆಯನ್ನು ಇನ್ನೊಂದಕ್ಕೆ ಅಂಟಿಸಿದರೂ ವ್ಯತ್ಯಾಸ ತಿಳಿಯದು.

ಪಂಪ ಹುಟ್ಟಿದ್ದು 902ರಲ್ಲಿ. ಅವನ ಪೂರ್ವಿಕರು ವೇಂಗಿನಾಡಿನ ಶ್ರೀವತ್ಸಗೋತ್ರದ ಬ್ರಾಹ್ಮಣರು. ಮುತ್ತಾತಂದಿರಲ್ಲಿ ಮಾಧವ ಸೋಮಯಾಜಿ ಯಜ್ಞಗಳಿಗೆ ಹೆಸರಾದವನು. ತಂದೆ ಭೀಮಪಯ್ಯ ಜೈನನಾದ. ಉತ್ತಮ ಕುಲದ ಬ್ರಾಹ್ಮಣನಿಗೆ ನಂಬಲು ತಕ್ಕ ಧರ್ಮವೆಂದರೆ ಜಿನಧರ್ಮವೇ ಎಂಬುದು ತಂದೆಯ ನಿಲುವಾಗಿತ್ತೆಂದು ಮಗ ಅಭಿಮಾನದಿಂದ ಬರೆದುಕೊಂಡಿದ್ದಾನೆ. ಈ ವಿವರಗಳನ್ನು ಕಾವ್ಯದ ಹೊರಗಿನ ಸಾಕ್ಷಿಯೊಂದು ಗಟ್ಟಿಮಾಡುತ್ತದೆ. ತೆಲಂಗಾಣದ ಕರೀಂನಗರ ಸೀಮೆಯ ಕುರಿಕ್ಯಾಲದ ಬಳಿಯ ಬೆಟ್ಟದಲ್ಲಿ ಪಂಪನ ತಮ್ಮ ಜಿನವಲ್ಲಭ ಜಿನಬಿಂಬಗಳನ್ನು ಕೊರೆಯಿಸಿ, ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಗಳಲ್ಲಿ ಶಾಸನ ಹಾಕಿಸಿದ. ಅಣ್ಣನ ಹೆಸರು, ಮನೆತನ, ಅವನಿಗೆ ಸಂದ ಮನ್ನಣೆ ಅಲ್ಲಿವೆ. ಅಣ್ಣನ ‘ಕವಿತಾಗುಣಾರ್ಣವ’ ಎಂಬ ಬಿರುದನ್ನು ಜಿನವಲ್ಲಭ ಒಂದು ಕೆರೆಗೆ ಇಟ್ಟ. ಆ ಕುಟುಂಬದಲ್ಲಿ ಕಾವ್ಯವೂ ಧರ್ಮಕಾರ್ಯವೂ ಒಂದೇ ಮನೆವಾರ್ತೆಯ ಎರಡು ಲೆಕ್ಕಗಳಾಗಿದ್ದವು.

ಪಂಪನ ‘ಆದಿಪುರಾಣ’ 941ರಲ್ಲಿ, ಅವನ 39ನೆಯ ವಯಸ್ಸಿನಲ್ಲಿ ಸಿದ್ಧವಾಯಿತು. ಅದನ್ನು ಮೂರು ತಿಂಗಳಲ್ಲಿ, ತನ್ನ ಲೌಕಿಕ ಕಾವ್ಯವಾದ ಭಾರತವನ್ನು ಆರು ತಿಂಗಳಲ್ಲಿ ಮುಗಿಸಿದೆನೆಂದು ಅವನೇ ಹೇಳಿಕೊಂಡಿದ್ದಾನೆ. 16 ಆಶ್ವಾಸಗಳ ಈ ಪುರಾಣದಲ್ಲಿ ಅವನು ಜಿನಸೇನರ ದಾರಿಯನ್ನು ಬಿಟ್ಟು ಕದಲುವುದಿಲ್ಲ. ಆದರೂ ಅಲ್ಲಿ ಕಾವ್ಯ ಹುಟ್ಟಿದೆ. ಅದು ಹುಟ್ಟಿದ ಬಗೆ ಗಮನಿಸತಕ್ಕದ್ದು. ಭೋಗವನ್ನು ಅಲ್ಲಗಳೆಯುವ ಮುನ್ನ ಪಂಪ ಅದನ್ನು ತುಂಬಿಸಿಬಿಡುತ್ತಾನೆ. ಕಥಾನಾಯಕನ ಹಿಂದಿನ ಭವವೊಂದರಲ್ಲಿ ಬರುವ ವಜ್ರಜಂಘ, ಶ್ರೀಮತಿಯರು ಹಾಸಿಗೆಯಲ್ಲಿ ಅಪ್ಪಿಕೊಂಡೇ ಸಾಯುತ್ತಾರೆ. ಶಯ್ಯಾಗೃಹದ ಗವಾಕ್ಷಗಳನ್ನು ತೆರೆಯಲು ಸೇವಕರು ಮರೆತಿರುತ್ತಾರೆ. ಸುವಾಸನೆಗೆಂದು ಇಟ್ಟ ಕಾಳಾಗರು ಧೂಪದ ಹೊಗೆಯೇ ಉಸಿರು ಕಟ್ಟಿಸುತ್ತದೆ. ಭೋಗದ ಸಾಮಗ್ರಿಯೇ ಮೃತ್ಯುವಾಯಿತೆಂಬ ತತ್ತ್ವವನ್ನು ಗುರುಗಳೂ ಒಪ್ಪಬಹುದು. ಕೇಳಿದವರ ಮನಸ್ಸಿನಲ್ಲಿ ನಿಲ್ಲುವುದು ಮಾತ್ರ ಒಬ್ಬರನ್ನೊಬ್ಬರು ಬಿಡದ ಆ ಜೋಡಿ.

ನೀಲಾಂಜನೆಯ ಪ್ರಸಂಗ ಇನ್ನೂ ನಾಜೂಕಾದದ್ದು. ಮೊದಲ ತೀರ್ಥಂಕರನಾಗಲಿರುವ ವೃಷಭನಾಥ ರಾಜ್ಯಭೋಗದಲ್ಲೇ ಕಾಲ ಕಳೆಯುತ್ತಿರುವುದನ್ನು ಕಂಡ ಇಂದ್ರ, ಆಯುಷ್ಯ ಮುಗಿಯುತ್ತ ಬಂದಿದ್ದ ಅಪ್ಸರೆಯನ್ನು ಅವನ ಸಭೆಗೆ ನರ್ತನಕ್ಕೆ ಕಳಿಸುತ್ತಾನೆ. ಕುಣಿಯುತ್ತಿರುವಾಗಲೇ ಅವಳು ಇಲ್ಲವಾಗುತ್ತಾಳೆ. ರಸಭಂಗವಾಗಬಾರದೆಂದು ಇಂದ್ರ ಅದೇ ಕ್ಷಣದಲ್ಲಿ ಅವಳಂಥದ್ದೇ ಇನ್ನೊಂದು ರೂಪವನ್ನು ನಿಲ್ಲಿಸುತ್ತಾನೆ. ತಾಳ ತಪ್ಪಲಿಲ್ಲ, ಸಭೆಗೆ ಸುಳಿವು ಹತ್ತಲಿಲ್ಲ. ವೃಷಭನೊಬ್ಬನಿಗೆ ತಿಳಿಯಿತು, ವೈರಾಗ್ಯ ಮೂಡಿತು. ಕಥೆ ಜಿನಸೇನರದೇ. ಆದರೆ ಪಂಪ ಆ ನೃತ್ಯವನ್ನು ಹೇಳುವ ರೀತಿಗೆ ಕನ್ನಡದಲ್ಲಿ ಸಾಟಿಯಿಲ್ಲ. ಮಾಯವಾಗಲಿರುವ ಚೆಲುವನ್ನು ಪೂರ್ತಿ ಕಾಣಿಸದ ಹೊರತು ಅದು ಮಾಯವಾದುದು ತಟ್ಟಲಾರದು ಎಂಬ ಅರಿವು ಅಲ್ಲಿದೆ. ಆಗಮ ಬೇಡಿದ್ದು ವೈರಾಗ್ಯವನ್ನು. ಕವಿ ಅದನ್ನು ಕೊಟ್ಟದ್ದು ಶೃಂಗಾರದ ಮೂಲಕ. ಜೈನ ಪುರಾಣದ ಬಿಗಿ ಚೌಕಟ್ಟು ದೊಡ್ಡ ಕವಿಯ ಕೈಗೆ ಸಿಕ್ಕಾಗ ಆಗಬಹುದಾದ ಲಾಭವೆಂದರೆ ಇದೇ.

ಲೌಕಿಕ ಕಾವ್ಯದಲ್ಲಿ ಪಂಪನಿಗೆ ಸ್ವಾತಂತ್ರ್ಯ ಹೆಚ್ಚೇ? ಕಥೆಯ ಮಟ್ಟಿಗೆ ಹೌದು. ಜೈನರಿಗೆ ತಮ್ಮದೇ ಭಾರತಕಥೆ ಇದ್ದರೂ ‘ವಿಕ್ರಮಾರ್ಜುನವಿಜಯ’ಕ್ಕೆ ಅವನು ವ್ಯಾಸರ ಕಥೆಯನ್ನು ಆರಿಸಿಕೊಂಡ. ಆದರೆ ಅಲ್ಲಿ ಬೇರೊಂದು ಕಟ್ಟು ಕಾದಿತ್ತು. ಆಶ್ರಯದಾತನಾದ ವೇಮುಲವಾಡದ ಚಾಳುಕ್ಯ ಇಮ್ಮಡಿ ಅರಿಕೇಸರಿಯೇ ಅರ್ಜುನ. ಹಾಗಾಗಿ ದ್ರೌಪದಿ ಐವರ ಹೆಂಡತಿಯಾಗುವಂತಿಲ್ಲ, ಅರ್ಜುನನೊಬ್ಬನ ಹೆಂಡತಿ. ಕೊನೆಯಲ್ಲಿ ಪಟ್ಟವೇರುವವನೂ ಧರ್ಮರಾಯನಲ್ಲ, ಸುಭದ್ರೆಯೊಡನೆ ಅರ್ಜುನ. ಇಷ್ಟು ತಿದ್ದಿದ ಮೇಲೂ ಕಾವ್ಯದ ಒಲವು ಪೂರ್ತಿಯಾಗಿ ಧಣಿಯ ಪಾಲಿಗೆ ಬರಲಿಲ್ಲ. ಕರ್ಣನ ಕಡೆ ವಾಲಿತು. ಅರಿಕೇಸರಿ ಅದನ್ನು ಗಮನಿಸಿದನೋ ಇಲ್ಲವೋ, ಧರ್ಮವುರ ಎಂಬ ಅಗ್ರಹಾರವನ್ನಂತೂ ಕೊಟ್ಟ.

ಪೊನ್ನನ ಕಥೆಯಲ್ಲಿ ಕವಿಗಿಂತ ಅವನ ಓದುಗರು ಮುಖ್ಯ. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನಿಂದ ‘ಉಭಯಕವಿಚಕ್ರವರ್ತಿ’ ಎಂಬ ಬಿರುದು ಪಡೆದ ಅವನು ಲೌಕಿಕವಾಗಿ ‘ಭುವನೈಕರಾಮಾಭ್ಯುದಯ’ವನ್ನೂ ಆಗಮಿಕವಾಗಿ ‘ಶಾಂತಿಪುರಾಣ’ವನ್ನೂ ಬರೆದ. ಎರಡನೆಯದನ್ನು ಬರೆಯಿಸಿದವರು ಅರಸರಲ್ಲ, ವೇಂಗಿನಾಡಿನ ಮಲ್ಲಪಯ್ಯ, ಪುನ್ನಮಯ್ಯ ಎಂಬ ಸಹೋದರ ಸೇನಾನಿಗಳು. ತಮ್ಮ ಗುರು ಜಿನಚಂದ್ರದೇವರ ನೆನಪಿಗೆ ಅದನ್ನು ಮಾಡಿಸಿದರು. ಮಲ್ಲಪಯ್ಯನ ಮಗಳು ಅತ್ತಿಮಬ್ಬೆ. ಅವಳನ್ನೂ ತಂಗಿ ಗುಂಡಮಬ್ಬೆಯನ್ನೂ ಚಾಲುಕ್ಯ ತೈಲಪನ ಮಂತ್ರಿಯ ಮಗ ನಾಗದೇವನಿಗೆ ಮದುವೆ ಮಾಡಿಕೊಟ್ಟಿದ್ದರು. ನಾಗದೇವ ಯುದ್ಧದಲ್ಲಿ ಸತ್ತಾಗ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಮಗನನ್ನು ಸಾಕಲು ಉಳಿದು, ಮುಂದಿನ ಬದುಕನ್ನು ದಾನಕ್ಕೆ ಮೀಸಲಿಟ್ಟಳು. ತಂದೆ ಬರೆಯಿಸಿದ ಶಾಂತಿಪುರಾಣದ ಪ್ರತಿಗಳು ವಿರಳವಾದುದನ್ನು ಕಂಡು ಅದರ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದೂ, ಚಿನ್ನ ರತ್ನಗಳ 1500 ಜಿನಬಿಂಬಗಳನ್ನು ಕೊಟ್ಟಳೆಂದೂ ಪ್ರಸಿದ್ಧಿ. ಅವಳು ಲಕ್ಕುಂಡಿಯಲ್ಲಿ ಕಟ್ಟಿಸಿದ ಬಸದಿಯ 1007ರ ಶಾಸನ ಇಂದಿಗೂ ಇದೆ.

ಸಾವಿರ ಪ್ರತಿ ಎಂಬ ಮಾತಿನ ತೂಕ ತಿಳಿಯಬೇಕಾದರೆ ಆ ಕೆಲಸವನ್ನು ಹತ್ತಿರದಿಂದ ನೋಡಬೇಕು. ತಾಳೆಗರಿಯನ್ನು ಕೊಯ್ದು, ಹದ ಮಾಡಿ, ಒಣಗಿಸಿ, ಉಜ್ಜಿ ನಯಗೊಳಿಸಿ, ಅಳತೆಗೆ ಕತ್ತರಿಸಬೇಕು. ದಾರ ಪೋಣಿಸಲು ತೂತು ಕೊರೆಯಬೇಕು. ಲಿಪಿಕಾರ ಎಡಗೈಯಲ್ಲಿ ಗರಿ ಹಿಡಿದು ಬಲಗೈಯ ಕಂಟದಿಂದ ಅಕ್ಷರ ಕೊರೆಯುತ್ತಾನೆ. ಒತ್ತು ಹೆಚ್ಚಾದರೆ ಗರಿ ಸೀಳುತ್ತದೆ, ಕಡಿಮೆಯಾದರೆ ಅಕ್ಷರ ಮೂಡದು. ಬರೆದು ಮುಗಿದ ಮೇಲೆ ಮಸಿ ಬಳಿದು ಒರೆಸಿದಾಗ ಗೀರುಗಳಲ್ಲಿ ಕಪ್ಪು ನಿಲ್ಲುತ್ತದೆ. ಅಗಲವಾದ ಶ್ರೀತಾಳದ ಗರಿಯಾದರೆ ಶಾಯಿಯಲ್ಲೇ ಬರೆಯುವುದೂ ಉಂಟು. ಮೂಡುಬಿದಿರೆಯ ಧವಳಾ ಗ್ರಂಥಗಳು ಹಾಗೆ ಬರೆದವು. 12 ಆಶ್ವಾಸಗಳ ಒಂದು ಪುರಾಣದ ಒಂದು ಪ್ರತಿಗೇ ವಾರಗಟ್ಟಲೆ ದುಡಿಮೆ. ಬೆನ್ನು ಬಾಗಿ, ಕತ್ತು ನೊಂದು, ಕಣ್ಣು ಬಳಲಿ ಬರೆದಿದ್ದೇನೆ, ಜೋಪಾನವಾಗಿಡಿ ಎಂದು ಲಿಪಿಕಾರರು ಪ್ರತಿಯ ಕೊನೆಗೆ ಬೇಡಿಕೊಳ್ಳುವ ರೂಢಿ ಸುಮ್ಮನೆ ಬೆಳೆದದ್ದಲ್ಲ. ಗರಿಗೆ ಹುಳು, ತೇವ, ಬೆಂಕಿ ಮೂರೂ ಶತ್ರುಗಳು. ಕೆಲವು ತಲೆಮಾರಿಗೊಮ್ಮೆ ಮತ್ತೆ ಪ್ರತಿ ಮಾಡದ ಕಾವ್ಯ ಸತ್ತುಹೋಗುತ್ತದೆ.

ಈ ಪ್ರತಿ ಮಾಡುವ ಖರ್ಚನ್ನು ಹೊತ್ತದ್ದು ಧರ್ಮ. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಶಾಸ್ತ್ರದಾನವೂ ಒಂದು. ನೋಂಪಿ ಹಿಡಿದ ಹೆಂಗಸರು ಉದ್ಯಾಪನೆಯ ಹೊತ್ತಿಗೆ ಗ್ರಂಥವೊಂದನ್ನು ಬರೆಯಿಸಿ ಮುನಿಗಳಿಗೆ ಒಪ್ಪಿಸುತ್ತಿದ್ದರು. ಮೂಡುಬಿದಿರೆಯಲ್ಲಿ ಉಳಿದ ‘ಮಹಾಬಂಧ’ದ ಪ್ರತಿ ಮಲ್ಲಿಕಬ್ಬೆ ಎಂಬವಳು ಶ್ರೀಪಂಚಮಿಯ ನೋಂಪಿಗಾಗಿ ಬರೆಯಿಸಿ ಮಾಘಣಂದಿ ಮುನಿಗಳಿಗೆ ಕೊಟ್ಟದ್ದು. ಕನ್ನಡ ಕಾವ್ಯಗಳು ಉಳಿದುಬಂದುದರಲ್ಲಿ ಇಂಥ ಹೆಂಗಸರ ಪಾಲು ಅರಸರ ಪಾಲಿಗಿಂತ ಕಡಿಮೆಯೇನಲ್ಲ. ಸಾಹಿತ್ಯಚರಿತ್ರೆಗಳು ಬಿರುದು ಕೊಟ್ಟವರ ಹೆಸರನ್ನು ದಪ್ಪಕ್ಷರದಲ್ಲಿ ಅಚ್ಚುಹಾಕಿ, ಪ್ರತಿ ಮಾಡಿಸಿದವರನ್ನು ಅಡಿಟಿಪ್ಪಣಿಗೆ ತಳ್ಳಿವೆ. ಅತ್ತಿಮಬ್ಬೆಯೊಬ್ಬಳು ಅದಕ್ಕೆ ಅಪವಾದ.

ಅತ್ತಿಮಬ್ಬೆಯ ಆಶ್ರಯದಲ್ಲೇ ರನ್ನ 993ರಲ್ಲಿ ‘ಅಜಿತಪುರಾಣ’ ಬರೆದ. ಮುದುವೊಳಲಿನ, ಎಂದರೆ ಇಂದಿನ ಮುಧೋಳದ, ಬಳೆಗಾರರ ಮನೆಯಲ್ಲಿ 949ರಲ್ಲಿ ಹುಟ್ಟಿದ ಅವನಿಗೆ ವಿದ್ಯೆ ದೊರೆತದ್ದೇ ಧರ್ಮದ ನಂಟಿನಿಂದ. ಗಂಗರ ನಾಡಿಗೆ ಹೋಗಿ ಅಜಿತಸೇನಾಚಾರ್ಯರಲ್ಲಿ ಕಲಿತ. ಅದೇ ಗುರುಗಳ ಶಿಷ್ಯ ಚಾವುಂಡರಾಯ ಅವನಿಗೆ ಆಸರೆಯಾದ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ ‘ಶ್ರೀ ಕವಿರತ್ನ’ ಎಂದು ಕೊರೆದ ಅಕ್ಷರಗಳಿವೆ. ಅವು ರನ್ನನವೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಮುಂದೆ ತೈಲಪನಿಂದ ‘ಕವಿಚಕ್ರವರ್ತಿ’ ಪದವಿ ಬಂತು. ಮಗನಿಗೆ ರಾಯ, ಮಗಳಿಗೆ ಅತ್ತಿಮಬ್ಬೆ ಎಂದು ಅವನು ಹೆಸರಿಟ್ಟ. ಚಾವುಂಡರಾಯ, ಅತ್ತಿಮಬ್ಬೆ ಇಬ್ಬರ ಋಣವೂ ಮನೆಯೊಳಗೆ ಉಳಿಯಿತು.

ಅಜಿತನಾಥನ ಕಥೆ ಘಟನೆಗಳಿಲ್ಲದ ಕಥೆ. ಅದನ್ನು ಹಿಗ್ಗಿಸಲು ರನ್ನ ಪಟ್ಟ ಪಾಡು ಕಾಣುತ್ತದೆ. ಜತೆಗೆ ಬರುವ ಸಗರ ಚಕ್ರವರ್ತಿಯ ಕಥೆ, ಅತ್ತಿಮಬ್ಬೆಯ ಗುಣಕಥನ, ತನ್ನ ಬಗೆಗಿನ ಮಾತುಗಳು, ಇವೇ ಅಲ್ಲಿ ಜೀವಂತ ಭಾಗಗಳು. ಪಂಪ, ಪೊನ್ನ, ತಾನು ಮೂವರೂ ಜಿನಸಮಯದ ರತ್ನತ್ರಯವೆಂದು ಅವನೇ ಘೋಷಿಸಿಕೊಂಡ. ಕನ್ನಡಿಗರು ಅದನ್ನು ಇಂದಿಗೂ ಪಾಠ ಹೇಳುತ್ತಾರೆ. ಆದರೆ ರನ್ನನ ಶಕ್ತಿ ಹೊರಬಿದ್ದದ್ದು ‘ಸಾಹಸಭೀಮವಿಜಯ’ದಲ್ಲಿ. ಅದು ಇರಿವಬೆಡಂಗ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ಬರೆದ ಗದಾಯುದ್ಧ. ನಾಯಕ ಭೀಮನೇ. ಆದರೂ ಕುರುಕ್ಷೇತ್ರದಲ್ಲಿ ಹೆಣಗಳ ನಡುವೆ ನಡೆದು ಬಂದು, ದ್ರೋಣ, ದುಶ್ಶಾಸನ, ಕರ್ಣರ ಕಳೇಬರಗಳ ಮುಂದೆ ನಿಂತು ಶೋಕಿಸುವ ದುರ್ಯೋಧನ ಕಾವ್ಯವನ್ನು ಕಸಿದುಕೊಂಡ. ತೀರ್ಥಂಕರನಲ್ಲಿ ಕವಿಗೆ ಸಿಗದ ಸೋಲು, ಛಲ, ದುಃಖ ಸೋತ ಅರಸನಲ್ಲಿ ಸಿಕ್ಕವು.

ಯಾವ ಕಾವ್ಯ ಉಳಿಯಿತು, ಯಾವುದು ಅಳಿಯಿತು ಎಂದು ನೋಡಿದರೆ ಇಬ್ಬರು ಧಣಿಗಳ ಅಂತರ ಇನ್ನೂ ಸ್ಪಷ್ಟ. ಗುಣವರ್ಮನ ಎರಡೂ ಕಾವ್ಯಗಳು ಇಲ್ಲ. ಪೊನ್ನನ ಶಾಂತಿಪುರಾಣ ಉಳಿದಿದೆ, ಭುವನೈಕರಾಮಾಭ್ಯುದಯ ಕಳೆದುಹೋಗಿದೆ. ಬಿರುದು ಕೊಟ್ಟ ಸಾಮ್ರಾಜ್ಯ ಕವಿಯ ಕಾಲದ ಬೆನ್ನಿಗೇ ಕುಸಿಯಿತು, ಆ ಅರಸನ ಹೊಗಳಿಕೆಯನ್ನು ಮರಳಿ ಬರೆಯಿಸುವವರು ಯಾರು? ಅರಸನ ಹೊನ್ನು ಕವಿಯ ಜೀವಮಾನದಲ್ಲಿ ಕೈಸೇರಿತು. ಓಲೆಗರಿ ಬಸದಿಯ ಭಂಡಾರದಲ್ಲಿ ಶತಮಾನ ದಾಟಿತು. ಇದು ಲೆಕ್ಕ ತಪ್ಪದ ನಿಯಮವಲ್ಲ. ರನ್ನನ ‘ಚಕ್ರೇಶ್ವರಚರಿತ’ ಸಿಕ್ಕಿಲ್ಲವಾದರೂ ಅವನ ಗದಾಯುದ್ಧವೂ ಪಂಪನ ಭಾರತವೂ ಉಳಿದು ಬಂದಿವೆ. ಆದರೆ ಅವು ಉಳಿದುದಕ್ಕೂ ಅದೇ ಕವಿಗಳ ಪುರಾಣಗಳಿಗೆ ಬಸದಿಗಳಲ್ಲಿದ್ದ ಗೌರವ ನೆರವಾಗಿರಬೇಕು.

12ನೆಯ ಶತಮಾನದ ಹೊತ್ತಿಗೆ ಗೆರೆ ಮಸುಕಾಗತೊಡಗಿತು. ವಿಜಯಪುರದಲ್ಲಿ ಮಲ್ಲಿಜಿನಾಲಯ ಕಟ್ಟಿಸಿದ ನಾಗಚಂದ್ರ ‘ಮಲ್ಲಿನಾಥಪುರಾಣ’ದ ಜತೆಗೆ ಬರೆದದ್ದು ಅರಸನ ಕಥೆಯನ್ನಲ್ಲ, ಜೈನ ಪರಂಪರೆಯ ರಾಮಾಯಣವನ್ನು. ಅಲ್ಲಿ ರಾವಣ ಹತ್ತು ತಲೆಯ ರಾಕ್ಷಸನಲ್ಲ. ಪರಸ್ತ್ರೀಯನ್ನು ಮುಟ್ಟೆನೆಂದು ವ್ರತ ತೊಟ್ಟಿದ್ದ ವಿದ್ಯಾಧರ ಚಕ್ರವರ್ತಿ. ಸೀತೆಯನ್ನು ಕಂಡು ಅವನ ಮನಸ್ಸು ಜಾರುತ್ತದೆ, ಕೊನೆಗೆ ಅವಳ ದೃಢತೆಗೆ ಸೋತು ಪಶ್ಚಾತ್ತಾಪ ಹುಟ್ಟುತ್ತದೆ. ಗೆದ್ದ ಮೇಲೆ ಸೀತೆಯನ್ನು ಮರಳಿಸುತ್ತೇನೆಂದು ಹೊರಟವನು ಯುದ್ಧದಲ್ಲಿ ಬೀಳುತ್ತಾನೆ. ಕರ್ಮ ಒಳ್ಳೆಯವನನ್ನೂ ಕೆಡವಬಲ್ಲದೆಂಬ ಜೈನ ನಂಬಿಕೆ ಇಲ್ಲದಿದ್ದರೆ ಈ ರಾವಣ ಹುಟ್ಟುತ್ತಿರಲಿಲ್ಲ. ನಂಬಿಕೆ ಕವಿಗೆ ಹೊರೆಯಾಗದೆ ಹೊಸ ಪಾತ್ರವನ್ನೇ ಕೊಟ್ಟ ಉದಾಹರಣೆ ಇದು.

ಇದೇ ಕಾಲದಲ್ಲಿ ಮುಳುಗುಂದದ ನಯಸೇನ 1112ರಲ್ಲಿ ‘ಧರ್ಮಾಮೃತ’ ಬರೆದ. ಜನಸಾಮಾನ್ಯರಿಗೆ ಧರ್ಮ ತಿಳಿಸಬೇಕೆಂದು ಹೊರಟವನಿಗೆ ಪಂಡಿತರ ಸಂಸ್ಕೃತಭರಿತ ಶೈಲಿ ಬೇಡವಾಯಿತು. ಕನ್ನಡಕ್ಕೆ ಸಂಸ್ಕೃತ ಬೆರೆಸುವುದು ತುಪ್ಪಕ್ಕೆ ಎಣ್ಣೆ ಬೆರೆಸಿದಂತೆಂದು ಹೀಗಳೆದ. ಅವನ ಕಥೆಗಳಲ್ಲಿ ಹಳ್ಳಿಯ ಗಾದೆಗಳು, ಬೈಗುಳಗಳು, ಉಪಮೆಗಳು ಒಂದರ ಮೇಲೊಂದು ಬಂದು ಬೀಳುತ್ತವೆ. ಕೆಲವೊಮ್ಮೆ ಉಪಮೆಗಳ ಗದ್ದಲದಲ್ಲಿ ಕಥೆಯೇ ಕೇಳಿಸುವುದಿಲ್ಲ. ಬ್ರಹ್ಮಶಿವನದು ಇನ್ನೊಂದು ಬಗೆ. ಬೇರೆ ಮತಗಳನ್ನು ಕಂಡು ಜೈನಕ್ಕೆ ಬಂದ ಅವನ ‘ಸಮಯಪರೀಕ್ಷೆ’ ಪರಮತಗಳ ಖಂಡನೆ. ನಗೆ ಹರಿತವಾಗಿದೆ, ಆ ಕಾಲದ ಆಚಾರ, ದೇವತೆಗಳ ವಿವರ ಹೇರಳವಾಗಿದೆ. ಸಮಾಜದ ಇತಿಹಾಸ ಬರೆಯುವವರಿಗೆ ಅದು ಹೊನ್ನಿನ ಗಣಿ, ಕಾವ್ಯವಾಗಿ ಬರಡು.

ಹೊಯ್ಸಳರ ಕಾಲದ ನೇಮಿಚಂದ್ರ ‘ಲೀಲಾವತಿ’ಯ ಶೃಂಗಾರದಲ್ಲಿ ಮುಳುಗಿ, ಆಮೇಲೆ ವೀರಬಲ್ಲಾಳನ ಮಂತ್ರಿ ಪದ್ಮನಾಭನಿಗಾಗಿ ‘ನೇಮಿನಾಥಪುರಾಣ’ಕ್ಕೆ ಕೈಹಾಕಿದ. ಕಂಸವಧೆಯವರೆಗೆ ಬರುವಷ್ಟರಲ್ಲಿ ಅದು ನಿಂತುಹೋಯಿತು. ಓದುಗರು ಅದನ್ನು ‘ಅರ್ಧನೇಮಿ’ ಎಂದೇ ಕರೆದರು.

ಇಬ್ಬರು ಧಣಿಗಳ ನಡುವಿನ ಇಕ್ಕಟ್ಟನ್ನು ಎಲ್ಲರಿಗಿಂತ ಚೆನ್ನಾಗಿ ಬಿಡಿಸಿದವನು ಜನ್ನ. ಅವನದು ಬರಹವನ್ನೇ ವೃತ್ತಿಯಾಗಿ ಕಂಡ ಮನೆತನ. ತಂದೆ ಸುಮನೋಬಾಣ ಕವಿ, ಸೋದರಿಯ ಗಂಡ ಮಲ್ಲಿಕಾರ್ಜುನ ‘ಸೂಕ್ತಿಸುಧಾರ್ಣವ’ದ ಸಂಕಲನಕಾರ, ಸೋದರಳಿಯ ಕೇಶಿರಾಜ ‘ಶಬ್ದಮಣಿದರ್ಪಣ’ದ ಕರ್ತೃ. ಜನ್ನ ಕಾವ್ಯಗಳ ಜತೆಗೆ ಶಾಸನಗಳನ್ನೂ ರಚಿಸಿದ, ಹೊಯ್ಸಳರ ಅಧಿಕಾರಿಯಾದ, ವೀರಬಲ್ಲಾಳನಿಂದ ಕವಿಚಕ್ರವರ್ತಿಯೆನಿಸಿದ. 1209ರ ಅವನ ‘ಯಶೋಧರಚರಿತೆ’ ನಾಲ್ಕು ಅವತಾರಗಳ, ಹೆಚ್ಚಾಗಿ ಕಂದಪದ್ಯಗಳ, ಪುಟ್ಟ ಕಾವ್ಯ. ಅದರಲ್ಲಿ ಅಷ್ಟಾದಶ ವರ್ಣನೆಗಳ ಹಂಗಿಲ್ಲ. ಕಥೆ ಸಂಸ್ಕೃತದ ವಾದಿರಾಜನದು. ತತ್ತ್ವ ಸಂಕಲ್ಪಹಿಂಸೆ, ಎಂದರೆ ಕೊಲ್ಲುವ ಮನಸ್ಸು ಮಾಡಿದರೇ ಸಾಕು, ಕೊಂದ ಪಾಪ ಅಂಟುತ್ತದೆ ಎಂಬುದು. ರಾಣಿ ಅಮೃತಮತಿ ನಸುಕಿನಲ್ಲಿ ಕೇಳಿಬಂದ ಹಾಡಿಗೆ ಮನಸೋಲುತ್ತಾಳೆ. ಹಾಡಿದವನು ಆನೆಯ ಮಾವುತ, ಅಷ್ಟಾವಂಕ, ನೋಡಲು ಹೇಸಿಗೆಯಾಗುವಂಥ ಕುರೂಪಿ. ಅದು ತಿಳಿದ ಮೇಲೂ ಅವಳು ಹಿಂದೆ ಸರಿಯುವುದಿಲ್ಲ. ಅದನ್ನು ಕಣ್ಣಾರೆ ಕಂಡ ಅವಳ ಗಂಡ ಯಶೋಧರ ತಾಯಿಗೆ ಕೆಟ್ಟ ಕನಸೆಂದು ಸುಳ್ಳು ಹೇಳುತ್ತಾನೆ. ತಾಯಿ ಶಾಂತಿಗೆ ಬಲಿ ಕೇಳುತ್ತಾಳೆ. ಜೀವಬಲಿಗೆ ಒಪ್ಪದ ಮಗ ಹಿಟ್ಟಿನ ಕೋಳಿಗೆ ಒಪ್ಪುತ್ತಾನೆ. ಕತ್ತಿ ಬಿದ್ದಾಗ ಆ ಹಿಟ್ಟಿನ ಕೋಳಿ ಕೂಗಿಬಿಡುತ್ತದೆ.

ಆ ಕೂಗಿನಲ್ಲಿ ಧರ್ಮಶಾಸ್ತ್ರದ ಸೂಕ್ಷ್ಮವೊಂದು ಕಥೆಯಾಗಿಬಿಟ್ಟಿದೆ; ವಿವರಣೆಯ ಅಗತ್ಯವೇ ಉಳಿಯುವುದಿಲ್ಲ. ಮುಂದೆ ತಾಯಿ ಮಗ ಇಬ್ಬರೂ ಅಮೃತಮತಿಯ ವಿಷಕ್ಕೆ ಸತ್ತು, ನವಿಲಾಗಿ ನಾಯಾಗಿ, ಮೀನಾಗಿ ಮೊಸಳೆಯಾಗಿ, ಕೋಳಿಗಳಾಗಿ ಹುಟ್ಟಿ ನೋಯುತ್ತಾರೆ. ಕೊನೆಯ ಜನ್ಮದಲ್ಲಿ ಅಭಯರುಚಿ, ಅಭಯಮತಿ ಎಂಬ ಎಳೆಯರಾಗಿ ಚಂಡಮಾರಿಯ ಗುಡಿಗೆ ಬಲಿಯಾಗಲು ಬಂದು, ಕಡಿಯಲು ನಿಂತ ಮಾರಿದತ್ತ ರಾಜನಿಗೇ ಇಡೀ ಕಥೆ ಹೇಳಿ ಅವನ ಮನಸ್ಸು ತಿರುಗಿಸುತ್ತಾರೆ. ಜನ್ನನಿಗೆ ಅಮೃತಮತಿ ಪಾಪಿ. ಅವಳಿಗೆ ನರಕವೇ ಗತಿ. ಆದರೆ ಅವಳ ಕಣ್ಣಿಗೆ ಆ ಮಾವುತ ಯಾಕೆ ಚೆಲುವನಾದ ಎಂಬುದನ್ನು ಅವನು ಎಷ್ಟು ಒಳಹೊಕ್ಕು ಹೇಳಿದನೆಂದರೆ, 20ನೆಯ ಶತಮಾನದ ಓದುಗರು ತೀರ್ಪನ್ನು ಬದಿಗಿಟ್ಟು ಅವಳ ಪರವಾಗಿಯೇ ಓದಿದರು. ಗಿರೀಶ ಕಾರ್ನಾಡರು ಈ ಕಥೆಯನ್ನು ‘ಹಿಟ್ಟಿನ ಹುಂಜ’ ನಾಟಕ ಮಾಡಿದರು. 1230ರ ‘ಅನಂತನಾಥಪುರಾಣ’ದಲ್ಲೂ ಜನ್ನನ ಮನಸ್ಸು ನಿಂತದ್ದು ತೀರ್ಥಂಕರನ ಮೇಲಲ್ಲ; ಗೆಳೆಯನ ಹೆಂಡತಿ ಸುನಂದೆಯನ್ನು ಹೊತ್ತೊಯ್ದು, ಅವಳು ಸತ್ತಾಗ ಅದೇ ಚಿತೆಗೆ ಹಾರಿದ ಚಂಡಶಾಸನನ ಮೇಲೆ.

ಅಷ್ಟರಲ್ಲಿ ನಾಡಿನ ಗಾಳಿ ಬದಲಾಗಿತ್ತು. ವಚನಕಾರರು ಆಸ್ಥಾನದ ಹಂಗಿಲ್ಲದೆ ಮಾತಾಡಿದ್ದರು. ಹರಿಹರ ಮನುಜರನ್ನು ಹೊಗಳೆನೆಂದು ರಗಳೆಗೆ ತೊಡಗಿದ್ದ. ಚಂಪುವಿನ ಕೇಳುಗರು ಕಡಿಮೆಯಾದರು, ಷಟ್ಪದಿ ಸಾಂಗತ್ಯಗಳಿಗೆ ಕಿವಿಗಳು ಹೆಚ್ಚಿದವು. ಜೈನರ ರಾಜಕೀಯ ಬಲವೂ ಕುಗ್ಗಿತು. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ನಡೆದ ಜಗಳವನ್ನು ಬುಕ್ಕರಾಯ ತೀರಿಸಿಕೊಟ್ಟ ಶಾಸನ ಶ್ರವಣಬೆಳಗೊಳದಲ್ಲಿದೆ. ಅರಸರ ಆಶ್ರಯ ಉಳಿದದ್ದು ಹೆಚ್ಚಾಗಿ ಕರಾವಳಿಯ ಸಣ್ಣ ಜೈನ ರಾಜ್ಯಗಳಲ್ಲಿ. 1432ರಲ್ಲಿ ಬಾಹುಬಲಿಯನ್ನು ನಿಲ್ಲಿಸಿದ ಕಾರ್ಕಳ ಅವುಗಳಲ್ಲಿ ಒಂದು.

ಆ ಸೀಮೆಯ ಮೂಡುಬಿದಿರೆಯವನು ರತ್ನಾಕರವರ್ಣಿ. 16ನೆಯ ಶತಮಾನದ ನಡುಭಾಗದ ಅವನ ‘ಭರತೇಶವೈಭವ’ 80 ಸಂಧಿಗಳ, ಸುಮಾರು 10,000 ಪದ್ಯಗಳ ಸಾಂಗತ್ಯ. ಕನ್ನಡ, ತೆಲುಗು, ತುಳು ಮೂರೂ ಮಾತಿನವರು ಮೆಚ್ಚಿ ತಲೆದೂಗಬೇಕೆಂಬ ಆಸೆಯಿಂದ ಹಾಡಿದ ಕಾವ್ಯ ಅದು. ಪಂಪನಲ್ಲಿ ಭರತ ಗೆಲುವಿನ ಮದವಿಳಿಸಿಕೊಳ್ಳಬೇಕಾದ ಚಕ್ರವರ್ತಿ; ವೃಷಭಾಚಲದಲ್ಲಿ ಹೆಸರು ಬರೆಯಲು ಜಾಗವಿಲ್ಲದೆ ಹಿಂದಿನವರ ಹೆಸರನ್ನು ಅಳಿಸಬೇಕಾಗಿ ಬಂದು ನಾಚುವವನು. ರತ್ನಾಕರನ ಭರತ 96,000 ರಾಣಿಯರ ನಡುವೆಯೂ ಒಳಗೆ ಯೋಗಿ. ಭೋಗವನ್ನು ಬಿಡಲು ಕಾವ್ಯ ಅವನನ್ನು ಆತುರಪಡಿಸುವುದಿಲ್ಲ. ಭರತ, ಬಾಹುಬಲಿ ಎಂಬ ಅಣ್ಣತಮ್ಮಂದಿರ ಪ್ರಸಿದ್ಧ ದೃಷ್ಟಿ, ಜಲ, ಮಲ್ಲಯುದ್ಧಗಳನ್ನೂ ರತ್ನಾಕರ ನಡೆಸಗೊಡಲಿಲ್ಲ. ಭರತನ ಮಾತಿನಿಂದಲೇ ಬಾಹುಬಲಿಯ ಮನಸ್ಸು ಕರಗುತ್ತದೆ. ಆಗಮ ಹೇಳಿದ ಕಥೆಯನ್ನು ನಂಬಿಕೆಯುಳ್ಳ ಕವಿಯೊಬ್ಬ ಇಷ್ಟು ಧೈರ್ಯದಿಂದ ತಿರುಗಿಸಿದ್ದು ಕನ್ನಡದಲ್ಲಿ ಅದೇ ಮೊದಲು.

ಅದಕ್ಕೆ ತೆತ್ತ ಬೆಲೆಯ ಬಗ್ಗೆ ಒಂದು ಐತಿಹ್ಯವಿದೆ. ಕಾವ್ಯವನ್ನು ಆನೆಯ ಮೇಲೆ ಮೆರವಣಿಗೆ ಮಾಡಿಸಬೇಕೆಂದು ಕವಿ ಕೇಳಿದನಂತೆ. ಕೆಲವು ಪದ್ಯಗಳು ಆಗಮಕ್ಕೆ ವಿರುದ್ಧವಾಗಿವೆ ಎಂದು ಗುರುಗಳು ಒಪ್ಪಲಿಲ್ಲವಂತೆ. ಸಿಟ್ಟಿಗೆದ್ದ ರತ್ನಾಕರ ಜಿನಧರ್ಮ ಬಿಟ್ಟು ವೀರಶೈವನಾಗಿ, ಕೆಲಕಾಲದ ಮೇಲೆ ಮರಳಿದನಂತೆ. ಕಾರ್ಕಳದ ಭೈರರಸನ ಮಗಳೊಡನೆ ಪ್ರೇಮವೂ ಅದರಲ್ಲಿ ಸೇರಿಕೊಂಡಿದೆ. ಇದೆಲ್ಲ ಎಷ್ಟು ನಿಜವೋ, ಕವಿಯ ಕಾಲಕ್ಕೆ ಸೇರಿದ ಆಧಾರವಲ್ಲ. ಆದರೆ ಜೈನ ಸಮಾಜವೇ ತನ್ನ ದೊಡ್ಡ ಕವಿಯ ಬಗ್ಗೆ ಇಂಥ ಕಥೆ ಹೇಳಿಕೊಂಡು ಬಂದದ್ದು ನಿಜ. ಅವನ ಶತಕಗಳಲ್ಲಿ ಲೋಕದ ಡಂಭಾಚಾರದ ಮೇಲೆ ಕಾಣುವ ಅಸಹನೆಯನ್ನೂ ಜತೆಗಿಟ್ಟು ಓದಿದರೆ, ಮಠದ ಮನ್ನಣೆ ಅವನಿಗೆ ಸಲೀಸಾಗಿ ಬರಲಿಲ್ಲವೆಂದು ಊಹಿಸಲು ಅಡ್ಡಿಯಿಲ್ಲ. ಪುಸ್ತಕ ಆನೆಯೇರಿತೋ ಇಲ್ಲವೋ, ಜನರ ಬಾಯಿಗೆ ಏರಿತು. ಜೈನ ಮನೆಗಳಲ್ಲಿ ಅದನ್ನು ರಾಗವಾಗಿ ಓದುವ ವಾಡಿಕೆ ಬೆಳೆಯಿತು.

ರತ್ನಾಕರನ ಈ ಐತಿಹ್ಯ ಬಂದಿರುವುದು ದೇವಚಂದ್ರನ ‘ರಾಜಾವಳೀಕಥೆ’ಯಲ್ಲಿ. ಚಾಮರಾಜನಗರ ಸೀಮೆಯ ಮಲೆಯೂರಿನ ಕನಕಗಿರಿಯ ಈ ಪಂಡಿತ ಹಳೆಯ ದಾರಿಯ ಕೊನೆಯ ಕವಿಗಳಲ್ಲಿ ಒಬ್ಬ. ಜೈನ ರಾಮಾಯಣವನ್ನು ‘ರಾಮಕಥಾವತಾರ’ವೆಂದು ಮತ್ತೊಮ್ಮೆ ಬರೆದವನು. 1804ರಲ್ಲಿ ಮೋಜಣಿಗಾಗಿ ಆ ಕಡೆಗೆ ಬಂದ ಕರ್ನಲ್ ಮೆಕೆಂಜಿ ಸ್ಥಳಪುರಾಣ, ಕೈಫಿಯತ್ತುಗಳನ್ನು ಕೂಡಿಹಾಕುತ್ತಿದ್ದ. ದೇವಚಂದ್ರ ತನ್ನಲ್ಲಿದ್ದುದನ್ನು ಅವನಿಗೆ ತೋರಿಸಿ ವಿವರ ಒದಗಿಸಿದ. ಆ ಕುಮ್ಮಕ್ಕಿನಿಂದ ಮೊದಲಾದ ಜೈನ ಇತಿಹಾಸ, ರಾಜವಂಶ, ಕವಿಚರಿತೆಗಳ ಸಂಗ್ರಹ ಮುಗಿದದ್ದು 1838ರಲ್ಲಿ. ಅಷ್ಟು ಹೊತ್ತಿಗೆ ಮೆಕೆಂಜಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಗ್ರಂಥ ಮೈಸೂರು ಅರಮನೆಗೆ ಸಂದಿತು. ಅದೇ ಶತಮಾನದ ಕೊನೆಗೆ ಬಿ. ಎಲ್. ರೈಸ್ 1892ರಲ್ಲಿ ನಾಗಚಂದ್ರನ ರಾಮಾಯಣವನ್ನೂ 1898ರಲ್ಲಿ ಪಂಪಭಾರತವನ್ನೂ ಅಚ್ಚು ಹಾಕಿಸಿದರು. ಬಸದಿ, ಮಠ, ಮನೆಗಳ ಓಲೆಗರಿಗಳಲ್ಲಿದ್ದ ಕಾವ್ಯಗಳು ಆ ಬಳಿಕ ಜಿನಸಮಯದ ಹೊರಗಿನ ಓದುಗರಿಗೂ ದೊರೆಯತೊಡಗಿದವು.